ಮಗಳ ಪಾಲಿನ ಜೀವನಾಂಶ

ಮಾರ್ಚ್ 8, 2025, ಶನಿವಾರ

ಐದನೇ ತಾರೀಕಿಗೆ ಕಟ್ಟಬೇಕಿದ್ದ ದಂಡವನ್ನು ಇವತ್ತು ಕಟ್ಟಿದೆ. ಹಣ ಇರಲಿಲ್ಲ ಎಂದಲ್ಲ. ಕಾಯಲಿ ಎಂದು ಸುಮ್ಮನಿದ್ದೆ. ನಿನ್ನೆ ಸಂಜೆ ಅವಳ ಮೆಸೇಜು ಬಂತು: 'ಈ ತಿಂಗಳದ್ದು ಬಂದಿಲ್ಲ.' ಅಷ್ಟೇ. ಹೆಸರಿಲ್ಲ, ಕ್ಷೇಮ ಸಮಾಚಾರ ಇಲ್ಲ. ಇವತ್ತು ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಎಂಜಿನ್ ಕೆಲಸ ಬಿಟ್ಟು ಮೇಲೆ ಬಂದು, ಗ್ರೀಸಿನ ಕೈ ಒರೆಸಿಕೊಂಡು, ಮೊಬೈಲಿನಲ್ಲಿ ಕಳಿಸಿದೆ. ಆಮೇಲೆ ಊಟ ಸೇರಲಿಲ್ಲ.

ನಾಲ್ಕು ವರ್ಷದ ಹಿಂದೆ ಕುಂದಾಪುರದ ಕೋರ್ಟಿನಲ್ಲಿ ನನಗೂ ಪೂಜಿತಾಳಿಗೂ ವಿಚ್ಛೇದನ ಆಯಿತು. ಅವಳಿಗೆ ಒಂದು ಪಾಲು, ಮಗುವಿಗೆ ಒಂದು ಪಾಲು, ಎರಡೂ ಸೇರಿಸಿ ತಿಂಗಳಿಗಿಷ್ಟು ಜೀವನಾಂಶ ಎಂದು ಬರೆದರು. ಮಗು ತಾಯಿಯ ಹತ್ತಿರ, ಬ್ರಹ್ಮಾವರದ ಅಜ್ಜನ ಮನೆಯಲ್ಲಿ. ನನಗೆ ತಿಂಗಳ ಎರಡನೇ ಭಾನುವಾರ ಮಾತ್ರ. ಹೆಂಡತಿಯೂ ಇಲ್ಲ, ಮಗುವೂ ಇಲ್ಲ, ಇಲ್ಲದ ಸಂಸಾರಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಿದ ಹಾಗೆ.

ಕೋಡಿಯ ಮನೆಯಲ್ಲಿ ತಮ್ಮನ ಸಂಸಾರ ಇದೆ. ಅಲ್ಲಿ ಬೆಳಿಗ್ಗೆ ಎದ್ದರೆ ಎಲ್ಲರ ಮುಖ ನೋಡಬೇಕು. ಅದು ಬೇಡ ಎಂದು ಬೈಂದೂರಿನ ಯಡ್ತರೆಯಲ್ಲಿ ಮೀನು ಮಾರುವ ಗುಲಾಬಕ್ಕನ ಮನೆಯ ಹಿಂದಿನ ಕೋಣೆಗೆ ಬಂದೆ. ಇಲ್ಲಿ ನೋಡಲು ಮುಖಗಳೇ ಇಲ್ಲ. ಹಾಗಾಗಿ ಬರೆಯುತ್ತೇನೆ. ಓದುವವರಿಲ್ಲ ಎನ್ನುವುದೇ ಒಂದು ಸಮಾಧಾನ.

ಮಾರ್ಚ್ 9, ಭಾನುವಾರ

ಕುಂಭಾಶಿಗೆ ಹೋಗಿ ಬಂದೆ. ಅವರಿಗೂ ನನಗೂ ಬಸ್ಸಿಗೆ ಅನುಕೂಲ ಎಂದು ಭೇಟಿ ಯಾವಾಗಲೂ ಅಲ್ಲಿನ ದೇವಸ್ಥಾನದ ಹತ್ತಿರ. ಮಗು ಅಜ್ಜನ ಜೊತೆ ಬಂದಿತ್ತು. ಅನ್ವಿತಾ ಎನ್ನುವ ಹೆಸರು ಅದರ ಅಮ್ಮ ಇಟ್ಟದ್ದು. ನನಗೆ ಮಗು ಎಂದೇ ರೂಢಿ. ಹನ್ನೆರಡು ವರ್ಷವಾಯಿತು. ಕಳೆದ ತಿಂಗಳಿಗಿಂತ ಎತ್ತರ ಕಂಡಿತು.

ಹೋಟೆಲಿನಲ್ಲಿ ಎದುರುಬದುರು ಕೂತೆವು.

"ಪರೀಕ್ಷೆ ಯಾವಾಗ?"

"ಮುಂದಿನ್ ವಾರ."

"ಓದಿದ್ಯಾ?"

"ಹ್ಞಾಂ."

"ಇನ್ನೊಂದ್ ದೋಸೆ ಹೇಳ್ಕಾ?"

"ಬೇಡ. ನೀವ್ ತಿನ್ನಿ."

ಅಲ್ಲಿಗೆ ಮಾತು ಮುಗಿಯಿತು. ಒಂದು ತಿಂಗಳು ಕೂಡಿಟ್ಟ ಮಾತು ಒಂದು ದೋಸೆ ತಿನ್ನುವಷ್ಟು ಹೊತ್ತಿಗೂ ಸಾಲುವುದಿಲ್ಲ. ಅದು ಕಿಟಕಿಯ ಹೊರಗೆ ನೋಡುತ್ತಾ ಕೂತಿತ್ತು. ನಾನೂ ಅದು ನೋಡಿದ್ದನ್ನೇ ನೋಡಿದೆ. ಹಣ್ಣುಕಾಯಿ ಅಂಗಡಿ, ನಿಂತ ಬಸ್ಸು.

ಹೊರಡುವಾಗ ಅದರ ಅಜ್ಜ ಪಾಂಡು ಮಾವ ನನ್ನನ್ನು ಬದಿಗೆ ಕರೆದರು. ಈಗಲೂ ಬಾಯಿಗೆ ಮಾವ ಎಂದೇ ಬರುತ್ತದೆ.

"ಜಿತೇಂದ್ರ, ಒಂದ್ ವಿಷ್ಯ ಹೇಳ್ಕ್. ಪೂಜಿತಂಗೆ ಒಂದ್ ಸಂಬಂಧ ಬಂದಿತ್ತ್. ನಿತೇಶ್ ಅಂದೇಳಿ. ನವಿ ಮುಂಬೈಯಂಗೆ ಕ್ಯಾಂಟೀನ್ ಇತ್ತ್. ಹೆಂಡ್ತಿ ತೀರ್ಕಂಡದ್ದ್, ಮಕ್ಳಿಲ್ಲೆ. ಒಳ್ಳೇ ಜನ."

"ಒಳ್ಳೇದಾಯ್ತ್," ಎಂದೆ.

"ಮೇ ತಿಂಗ್ಳಲ್ ಮದಿ. ಮಗುನೂ ಅಲ್ಲಿಗೇ ಹೋತ್ತ್. ನೀನ್ ಇನ್ನ್ ದುಡ್ ಹಾಕುದ್ ಬೇಡ. ವಕೀಲ್ರ ಹತ್ರ ಕಾಗ್ದ ಮಾಡ್ಸುವ. ನಿಂಗೂ ಹಗುರ ಆತ್ತ್."

ಬಸ್ಸಿನಲ್ಲಿ ಬರುವಾಗ ನಗು ಬಂತು. ನಾಲ್ಕು ವರ್ಷ ಬಯಸಿದ್ದು ತಾನಾಗಿಯೇ ಬಂತಲ್ಲ. ಸಂತೋಷವಾಗಿದೆ.

ಮಾರ್ಚ್ 11

ಬೋಟಿನ ಮಾಲೀಕ ಶೀನನಿಗೆ ವಿಷಯ ಹೇಳಿದೆ. ಬೆನ್ನಿಗೆ ಬಡಿದು, "ಹ್ವಾಯ್, ಬಿಡುಗಡೆ ಆಯ್ತಲ್ದಾ ಮಾರಾಯ! ಒಂದ್ ಹೊಸ ಬೈಕ್ ತಕೋ ಇನ್ನ್," ಎಂದ. ಕೆಲಸದವರಿಗೆಲ್ಲ ನನ್ನ ಲೆಕ್ಕದಲ್ಲಿ ಚಾ, ಗೋಳಿಬಜೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರ್ಚ್ 24, ಸೋಮವಾರ

ಅವಳೇ ಫೋನು ಮಾಡಿದಳು. ಕೋರ್ಟಿನ ಮೆಟ್ಟಿಲಿಳಿದ ಮೇಲೆ ಅವಳ ಧ್ವನಿ ಕೇಳಿದ್ದು ಇದೇ ಮೊದಲು. ಮೊದಲಿಗೆ ಯಾರೆಂದು ಗೊತ್ತಾಗಲಿಲ್ಲ.

"ಅಪ್ಪಯ್ಯ ಹೇಳಿರ್ ಅಲ್ದಾ? ನಿಮ್ ಸಹಿ ಒಂದ್ ಬೇಕ್. ನನ್ ಪಾಲೂ ಬೇಡ, ಅನ್ವಿತಂದೂ ಬೇಡ. ಅವ್ರ್ ಅದನ್ನ್ ಸ್ವಂತ ಮಗ್ಳ್ ಅಂದೇಳಿ ಕಾಣ್ತ್ರ್. ಬೇರೆಯವ್ರ ದುಡ್ ಮನಿಗೆ ಬಪ್ಪುದ್ ಅವ್ರಿಗೆ ಸರಿ ಕಾಣ್ತಿಲ್ಲೆ."

"ಆಯ್ತ್," ಎಂದೆ.

"ಏಪ್ರಿಲಿಂದ್ಲೇ ಹಾಕ್ಬೇಡಿ."

"ಆಯ್ತ್."

ಇಟ್ಟಳು. ಬೇರೆಯವರ ದುಡ್ಡು. ಅವಳು ಬೇಕೆಂದು ಹೇಳಿದ್ದಲ್ಲ, ಮಾತಿಗೆ ಬಂದದ್ದು. ರಾತ್ರಿ ಅನ್ನಕ್ಕೆ ಇಟ್ಟದ್ದು ಸೀದುಹೋಯಿತು. ಗುಲಾಬಕ್ಕ ಕಿಟಕಿಯಿಂದ, "ಎಂತ ಸೀಂತಿತ್ತ್ ಕಾಣಾ!" ಎಂದು ಕೂಗಿದ ಮೇಲೇ ಗೊತ್ತಾದದ್ದು.

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಕಣ್ಣು ಬಿಡುವಾಗಲೇ ತಾರೀಕು ನೆನಪಾಯಿತು. ಕಳಿಸಲಿಲ್ಲ. ಕಳಿಸಬೇಡ ಎಂದಿದ್ದಾರಲ್ಲ.

ಏಪ್ರಿಲ್ 8

ಮೆಸೇಜು ಇಲ್ಲ. ಇರುವುದಿಲ್ಲ ಎಂದು ಗೊತ್ತು. ಆದರೂ ದಿನಕ್ಕೆ ನಾಲ್ಕು ಸಲ ಮೊಬೈಲು ತೆಗೆದು ನೋಡುತ್ತೇನೆ. 'ಈ ತಿಂಗಳದ್ದು ಬಂದಿಲ್ಲ' ಎಂದು ಬರೆಯುವವರೂ ಇಲ್ಲದೆ ಹೋದರೆ ನನಗೆ ಬರೆಯುವವರು ಯಾರಿದ್ದಾರೆ? ಇಡೀ ವಾರದಲ್ಲಿ ಬಂದದ್ದು ಸಿಮ್ ಕಂಪನಿಯದ್ದು, ಎಂಜಿನ್ ಆಯಿಲ್ ಅಂಗಡಿಯದ್ದು.

ಏಪ್ರಿಲ್ 13, ಭಾನುವಾರ

ಕುಂಭಾಶಿಯಲ್ಲಿ ಮಧ್ಯಾಹ್ನದವರೆಗೆ ಕೂತೆ. ಯಾರೂ ಬರಲಿಲ್ಲ. ಪಾಂಡು ಮಾವನಿಗೆ ಫೋನು ಮಾಡಿದರೆ, "ಅಯ್ಯೋ, ಹೇಳುಕೇ ಮರ್ತೆ ಮಾರಾಯ. ರಜೆ ಅಲ್ದಾ, ತಾಯಿ ಮಗ್ಳ್ ಇಬ್ರೂ ಮುಂಬೈ ಕಂಡ್ಕಂಡ್ ಬಪ್ಪುಕೆ ಹೋಯಿರ್," ಎಂದರು. ಮರೆತದ್ದು ನಿಜವೇ ಇರಬೇಕು. ಅದೇ ಹೆಚ್ಚು ನೋವಾದದ್ದು. ಸಿಟ್ಟಿನಿಂದ ಕಳಿಸದೆ ಇದ್ದಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು.

ದೇವಸ್ಥಾನದಲ್ಲಿ ಯಾರದೋ ಮಗುವಿಗೆ ತುಲಾಭಾರ. ತಕ್ಕಡಿಯಲ್ಲಿ ಕೂತ ಹುಡುಗಿ ಅಳುತ್ತಿತ್ತು, ಅಪ್ಪ ಅದರ ಪಾದ ಹಿಡಿದುಕೊಂಡು ನಗಿಸಲು ನೋಡುತ್ತಿದ್ದ. ನನ್ನ ಕೈಯಲ್ಲಿ ಮಗುವಿಗೆ ಎಂದು ತಂದ ಚಾಕೊಲೇಟು ಇತ್ತು. ಬಿಸಿಲಿಗೆ ಕರಗಿತು. ಬಸ್‌ಸ್ಟ್ಯಾಂಡಿನಲ್ಲಿ ಎಸೆದೆ.

ಏಪ್ರಿಲ್ 22, ಮಂಗಳವಾರ

ಕುಂದಾಪುರದಲ್ಲಿ ನನ್ನ ಹಳೆಯ ವಕೀಲರು ಈಗ ಕೆಲಸ ಬಿಟ್ಟಿದ್ದಾರೆ. ಅವರ ಕಚೇರಿಯನ್ನು ಧನ್ಯಶ್ರೀ ಎನ್ನುವ ಚಿಕ್ಕ ಪ್ರಾಯದ ವಕೀಲೆ ನೋಡಿಕೊಳ್ಳುತ್ತಾರೆ. ಪೂಜಿತಾ ಸಹಿಗೆಂದು ಕಳಿಸಿದ ಕಾಗದ ತೋರಿಸಿದೆ. ಅವರು ಓದಿ ತಲೆ ಆಡಿಸಿದರು.

"ಕಾಣಿ, ಅವ್ರ್ ಬೇರೆ ಮದಿ ಆದ್ರೆ ಅವ್ರ್ ಪಾಲಿಂದ್ ನಿಲ್ಲತ್ತ್. ಕೋರ್ಟಿಗೆ ಒಂದ್ ಅರ್ಜಿ ಹಾಕಿರ್ ಸೈ. ಆರೆ ಮಗಳ ಪಾಲ್ ಹಂಗಲ್ಲ. ಅದ್ ಮಗಳ ಹಕ್ಕ್. ತಾಯಿ ಬೇಡ ಅಂದ್ರೆ ಹೋಪುದಲ್ಲ."

"ಅಂದ್ರೆ ನಾನ್ ಕಟ್ಲಕ್ಕಾ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕಟ್ಲಕ್ಕಾ ಅಂದೇಳಿ ಕೇಂಬುಕೆ ಬಂದವ್ರ್ ನೀವೇ ಮೊದಲ್. ಇಲ್ಲಿಗೆ ಬಪ್ಪವ್ರೆಲ್ಲ ಕಮ್ಮಿ ಮಾಡ್ಸುಕೆ ಬಪ್ಪುದ್."

ಆಮೇಲೆ ಇನ್ನೊಂದು ವಿಷಯ ಹೇಳಿದರು. ನನ್ನ ಭಾನುವಾರದ ಭೇಟಿ ಕೋರ್ಟಿನ ಆದೇಶದಲ್ಲಿ ಇರುವುದರಿಂದ ಕೋರ್ಟಿಗೆ ಹೇಳದೆ ಮಗುವನ್ನು ಮುಂಬೈಗೆ ಕರೆದುಕೊಂಡು ಹೋಗುವ ಹಾಗಿಲ್ಲ. ನಾನು ತಕರಾರು ಹಾಕಿದರೆ ಅದು ಅಲ್ಲಿಗೇ ನಿಲ್ಲಬಹುದು. ಅರ್ಜಿ ತಯಾರು ಮಾಡಿಡಿ ಎಂದೆ.

ಹೊರಗೆ ಬಂದು ಮಗಳ ಪಾಲಿನದ್ದನ್ನು ಮಾತ್ರ ಪೂಜಿತಾಳ ಖಾತೆಗೆ ಕಳಿಸಿದೆ. ಯಡ್ತರೆಗೆ ಬಂದು ಮುಟ್ಟುವುದರೊಳಗೆ ವಾಪಸ್ ಬಂದಿತ್ತು. ಅವಳು ಒಂದು ಮಾತನ್ನೂ ಬರೆದಿರಲಿಲ್ಲ.

ಏಪ್ರಿಲ್ 23

ಶೀನನಿಗೆ ಹೇಳಿದೆ. "ತಡೆ ಹಾಕ್ ಮಾರಾಯ. ಅವ್ರಿಗೂ ಗೊತ್ತಾಯ್ಲಿ," ಎಂದ. ಗುಲಾಬಕ್ಕನೂ ಅದನ್ನೇ ಹೇಳಿದರು. ಮೀನಿನ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ನಿನ್ ಹೆಣ್ಣಲ್ದಾ ಅದ್? ಎಂತಕ್ ಬಿಡುದ್?" ಎಂದರು. ಬುಟ್ಟಿಯನ್ನು ಗೋಡೆಗೆ ಒರಗಿಸುತ್ತಾ, "ಹೆಣ್ ಎಂತ ಹೇಳ್ತ್?" ಎಂದು ಕೇಳಿದರು.

ಅದನ್ನು ನಾನು ಕೇಳಿಲ್ಲ.

ಮೇ 5

ಮತ್ತೆ ಕಳಿಸಿದೆ. ಮತ್ತೆ ವಾಪಸ್.

ಮೇ 11, ಭಾನುವಾರ

ಅನ್ವಿತಾ ಬಂದಿದ್ದಳು. ಪಾಂಡು ಮಾವ ಮಂಡಿನೋವು ಎಂದು ಕಟ್ಟೆಯ ಮೇಲೆ ಕೂತರು. ಹೋಟೆಲು ತುಂಬಿತ್ತು, ನಾವಿಬ್ಬರೂ ಹಾಗೇ ರಸ್ತೆ ಬದಿಯಲ್ಲಿ ನಡೆದೆವು. ಎದುರುಬದುರು ಕೂರದೆ ಇದ್ದದ್ದಕ್ಕೋ ಏನೋ, ಅವಳೇ ಮಾತು ತೆಗೆದಳು. ಮುಂಬೈಯ ಶಾಲೆ ನೋಡಿ ಬಂದಳಂತೆ. ಶಾಲೆಯ ಒಳಗೇ ಈಜುಕೊಳ ಇದೆಯಂತೆ. ಈಜಲು ಕಲಿಸುವ ಟೀಚರು ಇದ್ದಾರಂತೆ.

"ನಿಂಗೆ ಹೋಪುಕೆ ಮನ್ಸಿತ್ತಾ?" ಎಂದು ಕೇಳಿದೆ.

ಅವಳು ಚಪ್ಪಲಿಯ ತುದಿಯಿಂದ ಒಂದು ಕಲ್ಲನ್ನು ತಳ್ಳಿಕೊಂಡು ನಡೆದಳು. "ಹ್ಞಾಂ" ಎಂದಳು, ನನಗೆ ಕೇಳಿಸಬಾರದು ಎನ್ನುವ ಹಾಗೆ.

ಕೋಡಿಯ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವನು ನಾನು. ನನ್ನ ಮಗಳಿಗೆ ಈಜು ಬರುವುದಿಲ್ಲ ಎನ್ನುವುದು ಇವತ್ತಿನವರೆಗೂ ನನ್ನ ತಲೆಗೆ ಬಂದಿರಲಿಲ್ಲ.

ಆಮೇಲೆ ಅವಳು ನಿಂತಳು. "ನೀವ್ ದುಡ್ ಕಳ್ಸುದ್ ಬಿಟ್ರ್ಯಂಬ್ರ್. ಹೌದಾ?"

"ಯಾರ್ ಹೇಳ್ದ್?"

"ಅಜ್ಜ ಅಮ್ಮನ ಹತ್ರ ಹೇಳ್ತಿದ್ರ್. ಇನ್ನ್ ಜಿತೇಂದ್ರಂಗೂ ಈ ಮನಿಗೂ ಎಂತದೂ ಇಲ್ಲೆ ಅಂದೇಳಿ." ಅವಳ ಮುಖ ಕೆಂಪಾಗಿತ್ತು. "ಎಂತದೂ ಇಲ್ಲೆ ಅಂದ್ರೆ, ಇನ್ನ್ ಇಲ್ಲಿಗೂ ಬತ್ತಿಲ್ಯಾ ನೀವ್?"

ನಾನು ಎರಡು ಸಲ ಕಳಿಸಿದ್ದೆ, ನಿನ್ನ ಅಮ್ಮನೇ ವಾಪಸ್ ಮಾಡಿದ್ದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೊಬೈಲು ಜೇಬಿನಲ್ಲೇ ಇತ್ತು, ತೆಗೆದು ತೋರಿಸಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಯಾಕೆ ಎಂದು ನನಗೆ ಗೊತ್ತಿಲ್ಲ. ಅವಳು ಮನೆಗೆ ಹೋಗಿ ಅಮ್ಮನ ಜೊತೆ ಜಗಳ ಆಡುವುದು, ಆಮೇಲೆ ಅತ್ತು ಮಲಗುವುದು ಕಣ್ಣೆದುರು ಬಂತು, ಅಷ್ಟೇ.

"ಕಳಿಸ್ತೆ," ಎಂದೆ. "ಬತ್ತೆ ಕೂಡ. ನೀ ಎಲ್ಲಿದ್ರೂ ಬತ್ತೆ."

"ಮುಂಬೈಗೂ?"

"ಮುಂಬೈಗೂ."

ವಾಪಸ್ ಬರುವಾಗ ಅವಳು ಕಬ್ಬಿನ ಹಾಲು ಬೇಕೆಂದು ಕೇಳಿದಳು. ನನ್ನ ಹತ್ತಿರ ಏನನ್ನಾದರೂ ಬೇಕೆಂದು ಅವಳು ಕೇಳಿ ಎಷ್ಟು ಕಾಲ ಆಯಿತೋ.

ಮೇ 19, ಸೋಮವಾರ

ಧನ್ಯಶ್ರೀ ಅವರ ಕಚೇರಿಯಲ್ಲಿ ಎಲ್ಲರೂ ಕೂತೆವು. ಪೂಜಿತಾ, ಅವಳ ವಕೀಲರು, ನಿತೇಶ್. ನಾನು ನಿತೇಶನನ್ನು ಬೇರೆ ಥರ ಕಲ್ಪಿಸಿಕೊಂಡಿದ್ದೆ. ಬೊಕ್ಕತಲೆಯ, ಮೆಲ್ಲಗೆ ಮಾತಾಡುವ ಮನುಷ್ಯ. ಎದ್ದು ನಿಂತು ನನಗೆ ಕೈ ಮುಗಿದ.

"ಕಾಣಿ ಭಾಯ್," ಎಂದ. "ಅನ್ವಿತನ್ನ್ ನಾನ್ ಚಂದ ಮಾಡಿ ಕಾಣ್ತೆ. ನಿಮ್ ದುಡ್ ತಕಂಡ್ರೆ ನಂಗೆ ನಾಚ್ಕಿ ಆತ್ತ್. ಬೇರೆ ಎಂತದೂ ಇಲ್ಲೆ."

"ನೀವ್ ಚಂದ ಮಾಡಿ ಕಾಣಿ," ಎಂದೆ. "ಅದ್ರಲ್ ನಂಗೆ ಬೇಜಾರಿಲ್ಲೆ. ಆರೆ ಅದ್ ನನ್ ಮಗ್ಳೂ ಹೌದ್. ನಿಮ್ ಮನಿ ಖರ್ಚಿಗ್ ಅಂದೇಳಿ ನಾನ್ ಕೊಡುದಲ್ಲ. ಅದ್ರ ಶಾಲಿಗ್, ಅದ್ರ ಅಂಗಿಗ್."

ಪೂಜಿತಾ ಒಮ್ಮೆಲೇ ನನ್ನ ಕಡೆ ತಿರುಗಿದಳು.

"ಈಗ ನೆನಪಾಯ್ತಾ ನಿಮ್ಗೆ? ನಾಲ್ಕ್ ವರ್ಷ ಒಂದ್ ತಿಂಗ್ಳಾರೂ ನಾನ್ ಕೇಳ್ದೆ ಹಾಕಿದ್ರ್ಯಾ? ಶಾಲಿ ಫೀಸಿಗೆ ದಿನ ಆಯ್ತ್ ಅಂದೇಳಿ ಗೊತ್ತಿದ್ದೂ ಕಾಯಿಸಿದ್ರಿ. ಪ್ರತಿ ಸಲ ಆ ಮೆಸೇಜ್ ಬರೆವತಿಗೆ ನಂಗೆ ಭಿಕ್ಷೆ ಬೇಡ್ದಂಗ್ ಆತಿತ್ತ್. ಈಗ ನಾನ್ ಬೇಡ ಅಂಬತಿಗೆ ನಿಮ್ಗೆ ಕೊಡ್ಕ್!"

ಅವಳ ಕಣ್ಣು ತುಂಬಿತ್ತು. ಅವಳು ಬೇಡುತ್ತಿದ್ದಾಳೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ನಾನು ಕಿತ್ತುಕೊಡುತ್ತಿದ್ದೇನೆ ಎಂದಷ್ಟೇ ಅನಿಸಿದ್ದು.

"ಇನ್ನ್ ನೀ ಕೇಣುದ್ ಬೇಡ," ಎಂದೆ. "ಅನ್ವಿತನ್ ಹೆಸ್ರಲ್ ಖಾತೆ ಮಾಡಿ. ಅದಕ್ಕೇ ಹಾಕ್ತೆ."

ಧನ್ಯಶ್ರೀ ಮೇಜಿನ ಮೇಲೆ ತಕರಾರು ಅರ್ಜಿಯನ್ನು ಮಗುಚಿ ಇಟ್ಟುಕೊಂಡಿದ್ದರು. ನನ್ನ ಕಡೆ ನೋಡಿ ಮೆಲ್ಲಗೆ, "ಇದ್?" ಎಂದು ಕೇಳಿದರು.

ಅದನ್ನು ಹಾಕಿದರೆ, ಮಗಳನ್ನು ಬಿಟ್ಟು ಹೋಗಲಾರದ ಪೂಜಿತಾಳ ಮದುವೆ ಮುಂದೆ ಹೋಗುತ್ತಿತ್ತು. ಶೀನ ಹೇಳಿದ ಹಾಗೆ ಅವರಿಗೂ ಗೊತ್ತಾಗುತ್ತಿತ್ತು. ಅನ್ವಿತಾ ಬ್ರಹ್ಮಾವರದಲ್ಲೇ ಉಳಿಯುತ್ತಿದ್ದಳು, ತಿಂಗಳಿಗೊಮ್ಮೆ ಕುಂಭಾಶಿಗೆ ಬಂದು ನನ್ನೆದುರು ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಬೇಡ," ಎಂದೆ.

ಕೊನೆಗೆ ಒಪ್ಪಂದ ಆಯಿತು. ಪೂಜಿತಾಳ ಪಾಲು ನಿಲ್ಲುತ್ತದೆ. ಅನ್ವಿತಾಳದ್ದು ಅವಳ ಖಾತೆಗೆ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಹತ್ತು ಹತ್ತು ದಿನ ನನ್ನ ಹತ್ತಿರ. ನಡುವೆ ಅವಳಿಗೆ ಬೇಕೆನಿಸಿದಾಗ ಫೋನು. ಕೋರ್ಟಿಗೂ ಈಗ ರಜೆ, ತೆರೆದ ಕೂಡಲೇ ವಕೀಲರಿಬ್ಬರೂ ಅದನ್ನು ಬರೆದು ಹಾಕುತ್ತಾರೆ. ಮೆಟ್ಟಿಲಿಳಿಯುವಾಗ ನಿತೇಶ್ ತನ್ನ ನಂಬರು ಕೊಟ್ಟ. "ಬಪ್ಪತಿಗೆ ಒಂದ್ ಫೋನ್ ಮಾಡಿ, ಸ್ಟೇಶನ್ನಿಗ್ ಬತ್ತೆ," ಎಂದ.

ಬೈಂದೂರಿಗೆ ಬಂದು ಬಸ್ಸಿಳಿದು ತುಂಬ ಹೊತ್ತು ಅಲ್ಲೇ ನಿಂತಿದ್ದೆ. ಮನೆಗೆ ಹೋಗಬೇಕು ಅನಿಸಲಿಲ್ಲ. ಬೇರೆ ಎಲ್ಲಿಗೂ ಹೋಗಲು ಇರಲಿಲ್ಲ.

ಮೇ 28

ಇವತ್ತು ಪೂಜಿತಾಳ ಮದುವೆ. ಕೆಲಸಕ್ಕೆ ಹೋದೆ. ಮಳೆ.

ಜೂನ್ 4

ಬೋಟುಗಳೆಲ್ಲ ದಡಕ್ಕೆ ಬಂದಿವೆ. ಮಳೆಗಾಲದ ಇನ್ನೆರಡು ತಿಂಗಳು ಕಡಲಿಗೆ ಇಳಿಯುವ ಹಾಗಿಲ್ಲ, ನಮಗೆ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಕೈತುಂಬ. ಗುಲಾಬಕ್ಕನ ಹತ್ತಿರ, ದಸರಾಕ್ಕೆ ಮಗಳು ಬರುತ್ತಾಳೆ, ಕೋಣೆಗೆ ಒಂದು ಮಂಚ ಹಾಕಲೇ ಎಂದು ಕೇಳಿದೆ. "ಮಂಚ ಎಂತಕೆ, ಹೆಣ್ ನನ್ನೊಟ್ಟಿಗ್ ಮನಿಕಂತ್ತ್," ಎಂದರು. ಆದರೂ ಮಂಚ ಹಾಕುತ್ತೇನೆ. ಗೋಡೆಗೂ ಸುಣ್ಣ ಹೊಡೆಯಬೇಕು, ಒಂದು ಬದಿ ಪೂರಾ ಹಸಿ ಹಿಡಿದಿದೆ. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ಜೂನ್ 7, ಶನಿವಾರ

ಇವತ್ತು ಹೊರಟರು. ಕುಂದಾಪುರದಲ್ಲಿ ರೈಲು ಹತ್ತುತ್ತಾರೆ ಎಂದು ಗೊತ್ತಿತ್ತು. ಕಳಿಸಲು ಅಲ್ಲಿಗೆ ಹೋಗಲಿಲ್ಲ, ಅಲ್ಲಿ ಅವರ ಕಡೆಯವರೆಲ್ಲ ಇರುತ್ತಾರೆ. ಆದರೆ ಕುಂದಾಪುರ ಬಿಟ್ಟ ಮೇಲೆ ಅದೇ ರೈಲು ನಮ್ಮ ಬೈಂದೂರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೆಲಸದಿಂದ ಬೇಗ ಎದ್ದು ಸ್ಟೇಶನ್ನಿಗೆ ಹೋದೆ.

ಮಳೆ ಹೊಯ್ಯುತ್ತಿತ್ತು. ಅವರ ಬೋಗಿ ಯಾವುದೆಂದು ನನಗೆ ಗೊತ್ತಿಲ್ಲ. ರೈಲು ನಿಂತ ಮೇಲೆ ಕಿಟಕಿ ಕಿಟಕಿ ನೋಡಿಕೊಂಡು ಓಡಿದೆ. ಎಲ್ಲ ಕಿಟಕಿಗಳ ಬಾಗಿಲು ಮಳೆಗೆ ಹಾಕಿತ್ತು. ಇನ್ನು ಆಗುವುದಿಲ್ಲ ಎಂದು ನಿಂತಾಗ ಹಿಂದಿನಿಂದ "ಪಪ್ಪಾ!" ಎಂದು ಕೇಳಿತು. ನಾನು ದಾಟಿಕೊಂಡು ಬಂದಿದ್ದ ಬೋಗಿಯ ಬಾಗಿಲಲ್ಲಿ ಅವಳು ನಿಂತಿದ್ದಳು. ಹಿಂದೆ ಪೂಜಿತಾ ಅವಳ ಭುಜ ಹಿಡಿದುಕೊಂಡಿದ್ದಳು.

"ನೀ ಎಂತಕ್ ಮಳಿಯಂಗೆ ಬಂದದ್ದ್? ಪೂರಾ ಚಂಡಿ ಆಯ್ದೆ ಕಾಣ್," ಎಂದಳು ಅನ್ವಿತಾ.

"ಕಾಂಬುಕೆ ಬಂದೆ."

"ಕೊಡೆ ಎಲ್ಲಿತ್ತ್?"

ಕೊಡೆಯನ್ನು ಬೈಕಿನಲ್ಲೇ ಬಿಟ್ಟು ಬಂದಿದ್ದೆ. ಅವಳ ಕೈ ಹಿಡಿದುಕೊಂಡೆ. ಬಳೆ ಹಾಕಿದ್ದಳು, ಮೊನ್ನೆಯ ಮದುವೆಯದ್ದಿರಬೇಕು. ಐದನೇ ತಾರೀಕಿನ ಬೆಳಿಗ್ಗೆ ಅವಳ ಖಾತೆಗೆ ಹಾಕಿದ್ದೆ. ಅದರ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೂಜಿತಾ, "ಮುಟ್ಟಿದ ಮೇಲ್ ಫೋನ್ ಮಾಡ್ತ್ ಅದ್," ಎಂದಳು. ರೈಲು ಹೊರಟಿತು. ಕೈ ಬಿಟ್ಟೆ.

ಪ್ಲಾಟ್‌ಫಾರ್ಮಿನಲ್ಲಿ ಆಮೇಲೆ ನಾನೂ ಒಬ್ಬ ಪೋರ್ಟರೂ ಒಂದು ನಾಯಿಯೂ ಮಾತ್ರ.

ಜೂನ್ 12

ನಾಲ್ಕು ದಿನದಿಂದ ಜ್ವರ. ಗುಲಾಬಕ್ಕ ಗಂಜಿ ತಂದಿಟ್ಟರು. ಮುಟ್ಟಿದೆವು ಎಂದು ಫೋನು ಬಂದಿತ್ತು, ಒಂದೇ ಮಾತು. ಆಮೇಲೆ ಇಲ್ಲ. ಹೊಸ ಊರು, ಹೊಸ ಶಾಲೆ.

ಜೂನ್ 20, ಶುಕ್ರವಾರ

ಸಂಜೆ ಕೆಲಸ ಮುಗಿಸಿ ಬಂದು ಮೀನು ಸ್ವಚ್ಛ ಮಾಡುತ್ತಿದ್ದೆ. ಅನ್ವಿತಾಳ ಫೋನು. ಶಾಲೆ ಹೇಗೆ ಎಂದರೆ ಪರವಾಗಿಲ್ಲ ಎಂದಳು. ಪಕ್ಕದಲ್ಲಿ ಕೂರುವ ಹುಡುಗಿಗೆ ಕನ್ನಡ ಬರುವುದಿಲ್ಲ, ಇವಳಿಗೆ ಹಿಂದಿ ಸರಿಯಾಗಿ ಬರುವುದಿಲ್ಲ. ಈಜು ಮುಂದಿನ ವಾರದಿಂದ. ಅಮ್ಮ, ನಿತೇಶ್ ಅಂಕಲ್ ಇಬ್ಬರೂ ಕ್ಯಾಂಟೀನಿನಲ್ಲಿ, ಮನೆಯಲ್ಲಿ ಅವಳೊಬ್ಬಳೇ. ಅಲ್ಲಿಗೆ ಮಾತು ಮುಗಿಯಿತು. ಇಡಲೇ ಎಂದು ಕೇಳಿದೆ.

"ಇಡ್ಬೇಡ," ಎಂದಳು. "ನಾ ಹೋಂವರ್ಕ್ ಮಾಡ್ತೆ. ನೀ ನಿನ್ ಕೆಲ್ಸ ಮಾಡ್. ಫೋನ್ ಹಾಂಗೇ ಇರ್ಲಿ."

ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟೆ. ನಾನು ಮೀನು ತೊಳೆದೆ, ಮಸಾಲೆ ಅರೆದೆ. ಆ ಕಡೆಯಿಂದ ಪುಟ ಮಗುಚುವ ಸದ್ದು, ದೂರದಲ್ಲಿ ಯಾವುದೋ ಹಾರನ್ನು. ಒಮ್ಮೆ ಕೆಮ್ಮಿದಳು. ಒಮ್ಮೆ, "ಎಂತ ಮೀನ್?" ಎಂದು ಕೇಳಿದಳು. "ಬಂಗ್ಡಿ," ಎಂದೆ. "ಹಳೇದ್, ಐಸಿನದ್ದ್. ಮಳಿಗಾಲ ಅಲ್ದಾ." ಸಾರು ಕುದಿಯಿತು.

ಆ ಕಡೆ ಬಾಗಿಲು ತೆರೆದ ಸದ್ದಾಯಿತು. ಪೂಜಿತಾ ಊಟಕ್ಕೆ ಕರೆದದ್ದು ಕೇಳಿಸಿತು.

"ಉಂಬುಕೆ ಹೋತೆ ಪಪ್ಪ. ನೀನೂ ಉಣ್."

"ಹ್ಞೂಂ, ಹೋಗ್," ಎಂದೆ.

ಬಟ್ಟಲು ಹಾಕಿಕೊಂಡು ಬಡಿಸಿಕೊಂಡೆ. ಹುಳಿ ಸ್ವಲ್ಪ ಹೆಚ್ಚಾಗಿತ್ತು.